ಒಳ್ಳೆ ಕುದುರೆಗಳೆಲ್ಲ ಒಂದೇ ಗೆರೆಯಲ್ಲಿ ನಿಲ್ಲಲಿ

ಸಂಪಾದಕರಿಗೆ ನಮಸ್ಕಾರ.

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ನಡೆಯುವ ಚಾಂಪಿಯನ್ ಹರ್ಡಲ್ ಅನ್ನುವ ಕುದುರೆ ಓಟದ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹ ಓದಿದೆ. ಕನ್ನಡ ಪತ್ರಿಕೆಯಲ್ಲಿ ಹರ್ಡಲ್ ರೇಸ್ ಬಗ್ಗೆ ಎರಡು ಕಾಲಂ ಬಂದಿದ್ದೇ ನನಗೆ ಹಬ್ಬ. ಆದರೆ ಬರೆದವರು ಕೊನೆಗೆ ಹೇಳಿದ ಒಂದು ಮಾತು ಎರಡು ದಿನ ತಲೆಯಲ್ಲೇ ಕೂತುಬಿಟ್ಟಿತು. ಈಗಿನ ಹರ್ಡಲ್ ಕುದುರೆಗಳು ಹಳೆಯ ಕುದುರೆಗಳ ಕಾಲಿನ ಧೂಳಿಗೂ ಸಮ ಇಲ್ಲ, ಅದಕ್ಕೇ ಈ ಸಲ ಜೂಜಿನಲ್ಲಿ 25ಕ್ಕೆ 1 ದರವಿದ್ದ, ಅಂದರೆ ಗೆಲ್ಲುತ್ತದೆ ಅಂತ ಹೆಚ್ಚಿನವರು ನಂಬದ ಕುದುರೆ ಗೆದ್ದಿತು, ಅಂತ. ರೇಸಿನ ಮಟ್ಟ ಇಳಿದಿದೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಕುದುರೆಗಳು ಕೆಟ್ಟಿವೆ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಇವೆರಡೂ ಬೇರೆ ಬೇರೆ ಮಾತು, ಅಲ್ವಾ?

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನಮ್ಮಪ್ಪ ಬೆಂಗಳೂರು ರೇಸ್ ಕೋರ್ಸಿನ ಲಾಯದಲ್ಲಿ ಮೂವತ್ತು ವರ್ಷ ಸೈಸ್ ಆಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗಿ ಕುದುರೆಯ ಮೈ ಉಜ್ಜಿ, ಹುಲ್ಲು ಹಾಕಿ, ಓಡಿ ಬಂದ ಕುದುರೆಯನ್ನು ಬೆವರು ಆರುವ ತನಕ ನಡೆಸಿ, ಆಮೇಲೆ ಮನೆಗೆ ಬರುತ್ತಿದ್ದರು. ಅವರ ಅಂಗಿಯಲ್ಲಿ ಕುದುರೆಯ ವಾಸನೆ ಇಲ್ಲದ ಒಂದು ದಿನವೂ ನನಗೆ ನೆನಪಿಲ್ಲ. ರೇಸ್ ಅಂದರೆ ನಮ್ಮ ಕಡೆ ಜೂಜು, ಮನೆಹಾಳು ಅನ್ನುವ ಮಾತೇ ಮೊದಲು ಬರುತ್ತದೆ. ಅಪ್ಪ ಜೀವಮಾನದಲ್ಲಿ ಒಂದು ರೂಪಾಯಿ ಕಟ್ಟಲಿಲ್ಲ, ನಾನೂ ಕಟ್ಟುವುದಿಲ್ಲ. ನಮಗೆ ಬೇಕಾಗಿದ್ದು ಕುದುರೆ ಅಷ್ಟೇ. ನಾನು ನರ್ಸ್ ಕೆಲಸಕ್ಕೆ ಅಂತ ಇಂಗ್ಲೆಂಡಿನ ಗ್ಲಾಸ್ಟರ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಚೆಲ್ಟನ್‌ಹ್ಯಾಮ್ ಪಕ್ಕದ ಊರು, ಬಸ್ಸು ಹತ್ತಿದರೆ ಬಂದುಬಿಡುತ್ತದೆ. ಮಾರ್ಚ್ ತಿಂಗಳ ಆ ಮಂಗಳವಾರಕ್ಕೆ ಅಂತ ನಾನು ಪ್ರತಿ ವರ್ಷ ರಜೆ ಎತ್ತಿಡುತ್ತೇನೆ. ರೇಸ್ ಮುಗಿದ ಮೇಲೆ ಅಪ್ಪನಿಗೆ ಫೋನ್ ಮಾಡುತ್ತೇನೆ. ಅಲ್ಲಿ ರಾತ್ರಿ ಹತ್ತಾಗಿರುತ್ತದೆ, ಆದರೂ ಎದ್ದೇ ಇರುತ್ತಾರೆ.

ಬೆಂಗಳೂರಲ್ಲಿ ನಾವು ನೋಡುವುದು ಸಪಾಟು ನೆಲದ ಓಟ. ಹರ್ಡಲ್ ರೇಸ್ ಹಾಗಲ್ಲ, ಇಲ್ಲಿ ಕುದುರೆ ಓಡುತ್ತಲೇ ಹಾರಬೇಕು. ಮೊದಲ ಸಲ ಫೋನಲ್ಲಿ ವಿಡಿಯೊ ತೋರಿಸಿದಾಗ ಅಪ್ಪ "ಇದು ಕುರಿ ಕೂಡೋ ತಡಿಕೆ ಅಲ್ವೇನೇ" ಅಂದರು. ನಿಜ, ಹಳೆಯ ಕಾಲದಲ್ಲಿ ಅದು ಕುರಿ ತಡಿಕೆಯೇ. ಮೂರೂವರೆ ಅಡಿ ಎತ್ತರ, ಕಾಲು ತಾಗಿದರೆ ಮುಂದಕ್ಕೆ ಬಾಗುತ್ತದೆ. ಅದಕ್ಕೇ ಇದರಲ್ಲಿ ವೇಗ ಜಾಸ್ತಿ. ದೊಡ್ಡ ಬೇಲಿಗಳನ್ನು ಹಾರುವ ಸ್ಟೀಪಲ್‌ಚೇಸ್ ಬೇರೆ, ಅಲ್ಲಿ ಬೇಲಿ ಕನಿಷ್ಠ ನಾಲ್ಕೂವರೆ ಅಡಿ, ಅದು ಬಾಗುವುದೂ ಇಲ್ಲ. ಚಾಂಪಿಯನ್ ಹರ್ಡಲ್ ಅಂದರೆ ಎರಡು ಮೈಲಿಗಿಂತ ಸ್ವಲ್ಪ ಜಾಸ್ತಿ ದೂರ, ಎಂಟು ಹರ್ಡಲ್, ಹೆಚ್ಚು ಕಡಿಮೆ ನಾಲ್ಕು ನಿಮಿಷ. ಬೆನ್ನ ಮೇಲೆ 11 ಸ್ಟೋನ್ 10 ಪೌಂಡ್ ಭಾರ, ನಮ್ಮ ಲೆಕ್ಕದಲ್ಲಿ ಎಪ್ಪತ್ತನಾಲ್ಕು ಕೆಜಿ ಹತ್ತಿರ. ಹೆಣ್ಣು ಕುದುರೆಗೆ ಇದರಲ್ಲಿ 7 ಪೌಂಡ್ ಕಡಿಮೆ. 1927ರಿಂದ ನಡೆಯುತ್ತಿರುವ ರೇಸ್ ಇದು. ಹರ್ಡಲ್ ಹಾರುವ ಕುದುರೆಗೆ ಇದಕ್ಕಿಂತ ದೊಡ್ಡ ಪಟ್ಟ ಇನ್ನೊಂದಿಲ್ಲ.

ಈಗ ಈ ವರ್ಷದ ಮಾತು. ಮಾರ್ಚ್ 11, 2025. ನಾನು ಕೊನೆಯ ಹರ್ಡಲ್ ಕಾಣುವ ಹಾಗೆ ಕಂಬಿಗೆ ಒತ್ತಿಕೊಂಡು ನಿಂತಿದ್ದೆ. ಏಳೇ ಕುದುರೆ ಹೊರಟವು. ಅವುಗಳಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ 2023ರ ಚಾಂಪಿಯನ್, ಅಲ್ಲಿಯ ತನಕ ಹರ್ಡಲ್ ಮೇಲೆ ಒಂದು ರೇಸೂ ಸೋತದ್ದಲ್ಲ. ಸ್ಟೇಟ್ ಮ್ಯಾನ್ 2024ರ ಚಾಂಪಿಯನ್. ಐದನೇ ಹರ್ಡಲ್‌ನಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ಬಿದ್ದುಬಿಟ್ಟಿತು. ಸಾವಿರಾರು ಜನ ಒಟ್ಟಿಗೆ "ಅಯ್ಯೋ" ಅಂದ ಸದ್ದು ಈಗಲೂ ಕಿವಿಯಲ್ಲಿದೆ. ಅದು ಎದ್ದು ನಿಂತಿದ್ದನ್ನು ಕಂಡ ಮೇಲೇ ನಾನು ಉಸಿರು ಬಿಟ್ಟಿದ್ದು. ಸರಿ, ಇನ್ನು ಸ್ಟೇಟ್ ಮ್ಯಾನ್‌ದೇ ಅಂದುಕೊಂಡೆವು. ಅದು ಚೆನ್ನಾಗಿ ಮುಂದಿತ್ತು, ಯಾರೂ ಹತ್ತಿರ ಇರಲಿಲ್ಲ, ಕೊನೆಯ ಹರ್ಡಲ್ ದಾಟಿದರೆ ಮುಗಿಯಿತು, ನನ್ನ ಕಣ್ಣೆದುರೇ ಅದೂ ಬಿದ್ದಿತು! ಹಿಂದೆ ಬರುತ್ತಿದ್ದ ಗೋಲ್ಡನ್ ಏಸ್ ಅನ್ನುವ ಹೆಣ್ಣು ಕುದುರೆ ಹಾದು ಹೋಗಿ ಗೆದ್ದಿತು. ಟ್ರೇನರ್ ಜೆರೆಮಿ ಸ್ಕಾಟ್, ಸಾಮರ್‌ಸೆಟ್ ಕಡೆಯ ಸಣ್ಣ ಲಾಯದವರು. ಜಾಕಿ ಲೋರ್ಕನ್ ವಿಲಿಯಮ್ಸ್. ಅವರ ಮುಖ ನೋಡಿ ಅಕ್ಕಪಕ್ಕದವರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಮನಸಾರೆ ತಟ್ಟಿದೆ.

ಆದರೆ ಫೋನಲ್ಲಿ ಅಪ್ಪ ಮೊದಲು ಕೇಳಿದ್ದು ಗೆದ್ದವರ ಬಗ್ಗೆ ಅಲ್ಲ. "ಎರಡು ದೊಡ್ಡ ಕುದುರೆ ಬಿದ್ದವು ಸರಿ. ಮೂರನೇ ದೊಡ್ಡ ಕುದುರೆ ಎಲ್ಲಿತ್ತು?" ಅಂದರು. ನನ್ನ ಹತ್ತಿರ ಉತ್ತರ ಇತ್ತು, ಹೇಳುವುದಕ್ಕೇ ಬೇಜಾರು. ಲಾಸಿಮೌತ್ ಅನ್ನುವ ಹೆಣ್ಣು ಕುದುರೆ ಅದೇ ಮಧ್ಯಾಹ್ನ, ಅದೇ ಮೈದಾನದಲ್ಲಿ, ಹೆಣ್ಣು ಕುದುರೆಗಳಿಗೇ ಅಂತ ಇರುವ ಮೇರ್ಸ್ ಹರ್ಡಲ್‌ನಲ್ಲಿ ಓಡಿ ಗೆದ್ದಿತ್ತು. ಸತತ ಎರಡನೇ ವರ್ಷ. ಅದೂ ಚಾಂಪಿಯನ್ ಹರ್ಡಲ್‌ನಲ್ಲಿ ನಿಂತಿದ್ದರೆ ಇಬ್ಬರು ಬಿದ್ದರೂ ರೇಸ್ ಬೀಳುತ್ತಿರಲಿಲ್ಲ. ನಾನು ಹೇಳುವುದೆಲ್ಲ ಇಷ್ಟೇ. ಈ ವರ್ಷ ತೆಳ್ಳಗಾಗಿದ್ದು ಕುದುರೆ ಅಲ್ಲ, ಸಾಲು.

ಇನ್ನೊಂದು ವಿಷಯ ನೋಡಿ. 2024ರ ಡಿಸೆಂಬರ್ ಕೊನೆಯಲ್ಲಿ ಐರ್ಲೆಂಡಿನ ಲೆಪರ್ಡ್ಸ್‌ಟೌನ್‌ನಲ್ಲಿ ಬ್ರೈಟರ್‌ಡೇಸ್‌ಅಹೆಡ್ ಅನ್ನುವ ಹೆಣ್ಣು ಕುದುರೆ 30 ಲೆಂಗ್ತ್ ಅಂತರದಿಂದ ಗೆದ್ದಿತ್ತು, ಅಂದರೆ ಮೂವತ್ತು ಕುದುರೆಗಳನ್ನು ಒಂದರ ಹಿಂದೆ ಒಂದು ಸೇರಿಸಿ ನಿಲ್ಲಿಸಿದಷ್ಟು ದೂರ. ಆವತ್ತು ಎರಡನೆಯದಾಗಿ ಬಂದದ್ದು ವಿಂಟರ್ ಫಾಗ್. ಮಾರ್ಚ್‌ನಲ್ಲಿ ಅದೇ ವಿಂಟರ್ ಫಾಗ್ ಚಾಂಪಿಯನ್ ಹರ್ಡಲ್‌ನಲ್ಲಿ ಮೂರನೆಯದು, ಬ್ರೈಟರ್‌ಡೇಸ್‌ಅಹೆಡ್ ಸುಸ್ತಾಗಿ ಅದರ ಹಿಂದೆ ನಾಲ್ಕನೆಯದು. ಇಬ್ಬರು ಬಿದ್ದು ಒಬ್ಬರು ಬಳಲಿದರೆ ಜಗತ್ತಿನ ದೊಡ್ಡ ಹರ್ಡಲ್ ರೇಸಿನಲ್ಲಿ ಹಿಡಿದು ನಿಲ್ಲಿಸುವ ಇನ್ನೊಂದು ಕುದುರೆ ಇರಲಿಲ್ಲ. ಗೋಲ್ಡನ್ ಏಸ್‌ನ ತಪ್ಪಲ್ಲ ಅದು.

ನಿಮ್ಮ ಬರಹಗಾರರು ಹಳೆಯ ಕಾಲ ಅಂದರಲ್ಲ, ಅದನ್ನೇ ತೆಗೆದುಕೊಳ್ಳೋಣ. ನಾನು ಹುಟ್ಟುವುದಕ್ಕೂ ಮುಂಚಿನ ರೇಸುಗಳವು. ಆದರೆ ಹಳೆಯ ಓಟಗಳ ದೃಶ್ಯಗಳನ್ನು ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಬಾರದಾಗ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 1977ರ ಚಾಂಪಿಯನ್ ಹರ್ಡಲ್. ಮೊದಲು ನೈಟ್ ನರ್ಸ್, ಎರಡನೆಯದು ಮಾಂಕ್ಸ್‌ಫೀಲ್ಡ್, ನಾಲ್ಕನೆಯದು ಸೀ ಪಿಜನ್. ನಾಲ್ಕನೆಯದಾಗಿ ಬಂದ ಆ ಕುದುರೆ ಮುಂದೆ ಎರಡು ಸಲ ಚಾಂಪಿಯನ್ ಆಯಿತು! 1976, 77 ನೈಟ್ ನರ್ಸ್. 1978, 79 ಮಾಂಕ್ಸ್‌ಫೀಲ್ಡ್. 1980, 81 ಸೀ ಪಿಜನ್. ಆರು ವರ್ಷ ಮೂರೇ ಕುದುರೆ, ಮೂವರೂ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳಲಿಲ್ಲ. 1978ರಲ್ಲಿ ಮಾಂಕ್ಸ್‌ಫೀಲ್ಡ್ ಗೆದ್ದಾಗ ಸೀ ಪಿಜನ್ ಎರಡನೆಯದು, ನೈಟ್ ನರ್ಸ್ ಮೂರನೆಯದು. 1979ರಲ್ಲಿ ಕೊನೆಯ ಏರಿನಲ್ಲಿ ಮಾಂಕ್ಸ್‌ಫೀಲ್ಡ್ ಮತ್ತು ಸೀ ಪಿಜನ್ ಭುಜಕ್ಕೆ ಭುಜ ಕೊಟ್ಟು ಬಂದಿದ್ದನ್ನು ಒಮ್ಮೆ ಅಪ್ಪನಿಗೆ ತೋರಿಸಿದೆ. ಒಂದು ಲೆಂಗ್ತ್‌ಗಿಂತ ಕಡಿಮೆ ಅಂತರ. ಅಪ್ಪ ಏನೂ ಮಾತಾಡಲಿಲ್ಲ, ಇನ್ನೊಂದು ಸಲ ಹಾಕು ಅಂದರು. 1977ರ ಏಪ್ರಿಲ್‌ನಲ್ಲಿ ಏಂಟ್ರಿ ಮೈದಾನದಲ್ಲಿ, ರೆಡ್ ರಮ್ ಅನ್ನುವ ಕುದುರೆ ಮೂರನೇ ಸಲ ದೊಡ್ಡ ಬೇಲಿಗಳ ಗ್ರ್ಯಾಂಡ್ ನ್ಯಾಷನಲ್ ರೇಸ್ ಗೆದ್ದ ಅದೇ ದಿನ, ನೈಟ್ ನರ್ಸ್ ಮತ್ತು ಮಾಂಕ್ಸ್‌ಫೀಲ್ಡ್ ಗೆರೆಯನ್ನು ಒಟ್ಟಿಗೆ ದಾಟಿದವು. ಯಾರು ಮುಂದು ಅಂತ ಹೇಳಲಾಗಲಿಲ್ಲ, ಇಬ್ಬರಿಗೂ ಗೆಲುವು.

ಕುದುರೆಗಳಿಗೆ ಅಂಕ ಕೊಡುವ ಟೈಮ್‌ಫಾರ್ಮ್‌ನವರ ಲೆಕ್ಕದಲ್ಲಿ ನೈಟ್ ನರ್ಸ್‌ಗೆ 182. ಹರ್ಡಲ್ ಕುದುರೆಗೆ ಅದಕ್ಕಿಂತ ಜಾಸ್ತಿ ಅಂಕ ಅವರು ಇವತ್ತಿನ ತನಕ ಕೊಟ್ಟಿಲ್ಲ. ಮಾಂಕ್ಸ್‌ಫೀಲ್ಡ್‌ಗೆ 180. ನನ್ನ ಪ್ರಕಾರ ಈ ಅಂಕಗಳು ಆ ಕುದುರೆಗಳ ಕಾಲಿನ ಬಲದಿಂದ ಮಾತ್ರ ಬಂದದ್ದಲ್ಲ. ಪಕ್ಕದಲ್ಲಿ ಇನ್ನೊಂದು ದೊಡ್ಡ ಕುದುರೆ ಇದ್ದುದರಿಂದ ಬಂತು. ಒಂದು ಕುದುರೆ ಎಷ್ಟು ದೊಡ್ಡದು ಅಂತ ಅದಕ್ಕೇ ಗೊತ್ತಾಗುವುದು ಪಕ್ಕದವನು ಬಿಡದೆ ಎಳೆದಾಗ. ಕಾನ್‌ಸ್ಟಿಟ್ಯೂಷನ್ ಹಿಲ್ 2022ರಲ್ಲಿ ಹರ್ಡಲ್‌ಗೆ ಹೊಸ ಕುದುರೆಗಳ ರೇಸ್ ಆದ ಸುಪ್ರೀಂ ನೋವಿಸಸ್ ಹರ್ಡಲ್ ಅನ್ನು 22 ಲೆಂಗ್ತ್‌ನಿಂದ ಗೆದ್ದಿತು, ಮುಂದಿನ ವರ್ಷ ಚಾಂಪಿಯನ್ ಹರ್ಡಲ್ ಅನ್ನು 9 ಲೆಂಗ್ತ್‌ನಿಂದ. ಅದು ಹಾರುವುದನ್ನು ಹತ್ತಿರದಿಂದ ನೋಡಿದವರು ಯಾರೂ ಈಗಿನ ಕುದುರೆ ಕಳಪೆ ಅನ್ನುವುದಿಲ್ಲ. ಹರ್ಡಲ್ ಹತ್ತಿರ ಬಂದಾಗ ಬೇರೆ ಕುದುರೆ ಹೆಜ್ಜೆ ಎಣಿಸುತ್ತದೆ, ಇದು ಎಣಿಸುವುದೇ ಇಲ್ಲ, ನೆಲ ಸ್ವಲ್ಪ ಎತ್ತರವಾಯಿತು ಅನ್ನುವ ಹಾಗೆ ದಾಟಿಬಿಡುತ್ತದೆ. ಆದರೆ ಅದರ ಕೈಲಿ ಇನ್ನೂ ಎಷ್ಟಿತ್ತು ಅಂತ ನಮಗೆ ಗೊತ್ತೇ ಆಗಲಿಲ್ಲ. ಕೇಳುವವರು ಪಕ್ಕದಲ್ಲಿ ಇರಲಿಲ್ಲವಲ್ಲ.

2023ರ ಆ ದಿನವನ್ನೇ ನೋಡಿ. ನಾನು ಅಲ್ಲೇ ಇದ್ದೆ. ಎಪತಾಂತ್ 2020ರ ಚಾಂಪಿಯನ್. ಹನಿಸಕಲ್ 2021, 2022ರ ಚಾಂಪಿಯನ್, ಮೊದಲ ಹದಿನಾರು ರೇಸನ್ನೂ ಸೋಲದೆ ಗೆದ್ದ ಕುದುರೆ. ರೇಚಲ್ ಬ್ಲ್ಯಾಕ್‌ಮೋರ್ ಅದನ್ನು ಓಡಿಸಿ ಚಾಂಪಿಯನ್ ಹರ್ಡಲ್ ಗೆದ್ದ ಮೊದಲ ಮಹಿಳಾ ಜಾಕಿ ಆದರು. ಇನ್ನು ಕಾನ್‌ಸ್ಟಿಟ್ಯೂಷನ್ ಹಿಲ್, ಆವತ್ತು ಚಾಂಪಿಯನ್ ಆದದ್ದು. ನಾಲ್ಕು ವರ್ಷದ ಪಟ್ಟ ಗೆದ್ದ ಮೂರು ಕುದುರೆಗಳೂ ಅದೇ ದಿನ ಅದೇ ಮೈದಾನದಲ್ಲಿದ್ದವು. ಆದರೆ ಒಂದು ಚಾಂಪಿಯನ್ ಹರ್ಡಲ್‌ನಲ್ಲಿ, ಎರಡು ಮೇರ್ಸ್ ಹರ್ಡಲ್‌ನಲ್ಲಿ. ಹನಿಸಕಲ್ ಅಲ್ಲಿ ಗೆದ್ದು ಓಟಕ್ಕೆ ವಿದಾಯ ಹೇಳಿದಾಗ ನಾನೂ ಅತ್ತೆ. ವಯಸ್ಸಾದ ಕುದುರೆ, ಗೌರವದಿಂದ ಹೋಗಲಿ ಅಂತ ಅವರು ತೀರ್ಮಾನ ಮಾಡಿದರೆ ಅದನ್ನು ತಪ್ಪು ಅನ್ನುವ ಮನಸ್ಸು ನನಗಿಲ್ಲ. ಆದರೂ ಬಸ್ಸಿನಲ್ಲಿ ವಾಪಸ್ ಬರುವಾಗ ಒಂದೇ ಯೋಚನೆ. ಮೂವರೂ ಒಂದೇ ಗೆರೆಯಲ್ಲಿ ನಿಂತಿದ್ದರೆ ಹೇಗಿರುತ್ತಿತ್ತು!

ಮೇರ್ಸ್ ಹರ್ಡಲ್ ಶುರುವಾದದ್ದು 2008ರಲ್ಲಿ. ಅದಕ್ಕೆ ಒಳ್ಳೆ ಕಾರಣ ಇತ್ತು, ಅದನ್ನು ಹೇಳದಿದ್ದರೆ ಅನ್ಯಾಯ. ಹೆಣ್ಣು ಕುದುರೆಯನ್ನು ಹಾರುವ ಓಟಕ್ಕೆ ಯಾರೂ ಹೆಚ್ಚು ದಿನ ಇಟ್ಟುಕೊಳ್ಳುತ್ತಿರಲಿಲ್ಲ, ಮರಿ ಹಾಕಿಸಲು ಕಳಿಸುತ್ತಿದ್ದರು ಅಥವಾ ಕೊಳ್ಳುವವರೇ ಇರುತ್ತಿರಲಿಲ್ಲ. ಅವುಗಳಿಗೆ ಅಂತಲೇ ರೇಸ್ ಬಂದ ಮೇಲೆ ಸಾಕುವವರು ಬಂದರು. ಫಲ ಕಣ್ಣೆದುರೇ ಇದೆ. 1927ರಿಂದ 2015ರ ತನಕ ಚಾಂಪಿಯನ್ ಹರ್ಡಲ್ ಗೆದ್ದ ಹೆಣ್ಣು ಕುದುರೆಗಳು ಮೂರೇ ಮೂರು, 1939ರಲ್ಲಿ ಆಫ್ರಿಕನ್ ಸಿಸ್ಟರ್, 1984ರಲ್ಲಿ ಡಾನ್ ರನ್, 1994ರಲ್ಲಿ ಫ್ಲೇಕಿ ಡವ್. 2016ರಿಂದ 2025ರ ಒಳಗೆ ಹತ್ತು ರೇಸಿನಲ್ಲಿ ಐದು ಸಲ ಹೆಣ್ಣು ಕುದುರೆಯೇ ಗೆದ್ದಿದೆ. ಆ್ಯನಿ ಪವರ್, ಎಪತಾಂತ್, ಎರಡು ಸಲ ಹನಿಸಕಲ್, ಈಗ ಗೋಲ್ಡನ್ ಏಸ್. ಆಸ್ಪತ್ರೆಯಲ್ಲಿ ಹೆಂಗಸರ ಜೊತೆಯೇ ದಿನ ಕಳೆಯುವ ನನಗೆ ಈ ಲೆಕ್ಕ ಎಷ್ಟು ಖುಷಿ ಕೊಡುತ್ತದೆ ಅಂತ ಹೇಳಬೇಕಿಲ್ಲ.

ಆದರೆ 2015ರಲ್ಲಿ ಆ ರೇಸನ್ನು ಗ್ರೇಡ್ 1 ಮಾಡಿದರು. ಗ್ರೇಡ್ 1 ಅಂದರೆ ಮೇಲಿನ ದರ್ಜೆ. ಅಲ್ಲಿಗೆ ಹೆಣ್ಣು ಕುದುರೆಯ ಮಾಲೀಕರಿಗೆ ಎರಡು ಬಾಗಿಲು ತೆರೆಯಿತು. ಒಂದರಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ನಿಂತಿದೆ, ಇನ್ನೊಂದರಲ್ಲಿ ಇಲ್ಲ. ಎರಡಕ್ಕೂ ಗ್ರೇಡ್ 1 ಹೆಸರು. ನೀವಾದರೂ ಯಾವ ಬಾಗಿಲು ಆರಿಸುತ್ತೀರಿ ಹೇಳಿ. ಮಾಲೀಕರನ್ನಾಗಲಿ ಟ್ರೇನರನ್ನಾಗಲಿ ಬೈದು ಪ್ರಯೋಜನ ಇಲ್ಲ, ಬಾಗಿಲು ಇಟ್ಟವರನ್ನು ಕೇಳಬೇಕು. ಆ್ಯನಿ ಪವರ್ ಕಥೆ ಇದಕ್ಕೆ ಸಾಕ್ಷಿ. 2015ರಲ್ಲಿ ಅದೇ ಮಾಲೀಕರ ಅದೇ ಲಾಯದ ಫೊಹೀನ್ ಚಾಂಪಿಯನ್ ಹರ್ಡಲ್ ಗೆದ್ದಿತು, ಆ್ಯನಿ ಪವರ್ ಮೇರ್ಸ್ ಹರ್ಡಲ್‌ಗೆ ಹೋಯಿತು. ಅಲ್ಲಿ ಮುಂದಿದ್ದಾಗಲೇ ಕೊನೆಯ ಹರ್ಡಲ್‌ನಲ್ಲಿ ಬಿದ್ದಿತು. ಮುಂದಿನ ವರ್ಷ ಫೊಹೀನ್ ಕಾಲಿಗೆ ಪೆಟ್ಟಾಗಿ ಓಡಲಿಲ್ಲ, ಅದಕ್ಕೇ ಆ್ಯನಿ ಪವರ್‌ಗೆ ಚಾಂಪಿಯನ್ ಹರ್ಡಲ್ ಸಿಕ್ಕಿತು, ದಾಖಲೆ ವೇಗದಲ್ಲಿ ಗೆದ್ದಿತು. ಅಷ್ಟು ದೊಡ್ಡ ಕುದುರೆ. ಜೊತೆಯವನ ಕಾಲು ನೋಯದಿದ್ದರೆ ಆ ಪಟ್ಟ ಅದಕ್ಕೆ ಸಿಗುತ್ತಲೇ ಇರಲಿಲ್ಲವೇನೋ.

ಬೆಂಗಳೂರಿನ ಡರ್ಬಿ ದಿನಗಳ ನೆನಪು ಬರುತ್ತದೆ. ಅಪ್ಪ ಹೇಳುತ್ತಿದ್ದರು, "ಡರ್ಬಿ ದಿನ ಒಳ್ಳೆ ಕುದುರೆಗೆ ಬೇರೆ ದಾರಿ ಇರಲ್ಲ ಪುಟ್ಟಿ, ಬರಲೇಬೇಕು." ಅವರು ನೋಡಿಕೊಂಡ ಕುದುರೆಗಳು ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಆದರೂ ಯಾರ ಎದುರು ಸೋತಿತು ಅನ್ನುವುದನ್ನು ಅವರು ಎದೆ ಉಬ್ಬಿಸಿಯೇ ಹೇಳುತ್ತಿದ್ದರು.

ಮೇರ್ಸ್ ಹರ್ಡಲ್ ಒಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಇನ್ನೂ ದೊಡ್ಡ ಕಾರಣ ಸಪಾಟು ಓಟದ ಕಡೆಯಿಂದ ಬಂದಿದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮೊದಲು ಹರ್ಡಲ್‌ಗೆ ಒಳ್ಳೊಳ್ಳೆ ಸಪಾಟು ಓಟದ ಕುದುರೆಗಳು ಬರುತ್ತಿದ್ದವು. ಸೀ ಪಿಜನ್ 1973ರ ಇಂಗ್ಲೆಂಡ್ ಡರ್ಬಿಯಲ್ಲಿ ಏಳನೆಯದು. ಬೇಸಿಗೆಯಲ್ಲಿ ಸಪಾಟು ಓಟ, ಚಳಿಗಾಲದಲ್ಲಿ ಹರ್ಡಲ್, ಎರಡರಲ್ಲೂ ಸೇರಿ 37 ರೇಸ್ ಗೆದ್ದಿತು. 1979ರಲ್ಲಿ ಯಾರ್ಕ್‌ನ ಎಬೋರ್ ಹ್ಯಾಂಡಿಕ್ಯಾಪ್, ಅಂದರೆ ಒಳ್ಳೆ ಕುದುರೆಗೆ ಜಾಸ್ತಿ ಭಾರ ಹೊರಿಸುವ ಸಪಾಟು ಓಟ, ಅದನ್ನು 10 ಸ್ಟೋನ್ ಹೊತ್ತು ಗೆದ್ದಿತು, ಅದರ ಮುಂದಿನ ಮಾರ್ಚ್‌ನಲ್ಲಿ ಚಾಂಪಿಯನ್ ಹರ್ಡಲ್! 1990ರಲ್ಲಿ ಗೆದ್ದ ಕ್ರಿಬೆನ್ಸಿಸ್‌ನ ಟ್ರೇನರ್ ಮೈಕಲ್ ಸ್ಟೌಟ್, ಮಾಲೀಕರು ದುಬೈನ ಶೇಖ್ ಮೊಹಮ್ಮದ್, ಇಬ್ಬರೂ ಸಪಾಟು ಓಟದ ಘಟಾನುಘಟಿಗಳು. 1992ರಲ್ಲಿ ಗೆದ್ದ ರಾಯಲ್ ಗೇಟ್ 1988ರಲ್ಲಿ ಸಪಾಟು ಓಟದ ಆಸ್ಕಟ್ ಗೋಲ್ಡ್ ಕಪ್‌ನಲ್ಲಿ ಮೊದಲು ಗೆರೆ ದಾಟಿ ಆಮೇಲೆ ಅನರ್ಹಗೊಂಡ ಕುದುರೆ. ಇಸ್ತಬ್ರಾಕ್ ಅನ್ನುವ ಕುದುರೆಯ ತಂದೆ ಸಪಾಟು ಓಟದ ಹೆಸರಾಂತ ಸ್ಯಾಡ್ಲರ್ಸ್ ವೆಲ್ಸ್, ತಾಯಿಯ ಇನ್ನೊಂದು ಮಗ ಸೆಕ್ರೆಟೊ 1984ರ ಡರ್ಬಿ ಗೆದ್ದದ್ದು. ಅಂಥ ರಕ್ತದ ಕುದುರೆ ಹರ್ಡಲ್‌ಗೆ ಬಂದು 1998, 1999, 2000 ಮೂರು ವರ್ಷವೂ ಪಟ್ಟ ಹೊತ್ತಿತು. 2001ರಲ್ಲಿ ಕಾಲುಬಾಯಿ ರೋಗದಿಂದ ಚೆಲ್ಟನ್‌ಹ್ಯಾಮ್ ಹಬ್ಬವೇ ರದ್ದಾಯಿತು. ಇಲ್ಲದಿದ್ದರೆ ನಾಲ್ಕೂ ಆಗುತ್ತಿತ್ತು ಅಂತ ಇಲ್ಲಿನ ಹಳಬರು ಇವತ್ತಿಗೂ ಕೊರಗುತ್ತಾರೆ.

ಈಗ ಅಂಥ ಕುದುರೆ ಹರ್ಡಲ್‌ಗೆ ಬರುವುದು ತೀರಾ ಅಪರೂಪ. ಸಪಾಟು ಓಟದಲ್ಲಿ ಸ್ವಲ್ಪ ದೂರ ಓಡುವ ತಾಕತ್ತು ತೋರಿಸಿದ ಕೂಡಲೇ ಆಸ್ಟ್ರೇಲಿಯಾದವರು ಕೊಳ್ಳುತ್ತಾರೆ, ಇಲ್ಲದಿದ್ದರೆ ಕೊಲ್ಲಿ ದೇಶದವರು ಕೊಳ್ಳುತ್ತಾರೆ. ಮೆಲ್ಬರ್ನ್ ಕಪ್‌ನ ಬಹುಮಾನ 80 ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಜಾಸ್ತಿ. ಚಾಂಪಿಯನ್ ಹರ್ಡಲ್‌ನದು 2025ರಲ್ಲಿ 4.5 ಲಕ್ಷ ಪೌಂಡ್. ಯಾರು ತಾನೇ ಈ ಕಡೆ ಬರುತ್ತಾರೆ? ಹೋಗುವುದೂ ಶುರುವಾಗಿದೆ. ವೋಬಾನ್ 2022ರಲ್ಲಿ ಚೆಲ್ಟನ್‌ಹ್ಯಾಮ್‌ನ ಟ್ರಯಂಫ್ ಹರ್ಡಲ್ ಗೆದ್ದ ಕುದುರೆ, ಮುಂದೆ ಚಾಂಪಿಯನ್ ಆಗಬಹುದು ಅಂದುಕೊಂಡಿದ್ದೆವು. ಅದು ಸಪಾಟು ಓಟಕ್ಕೆ ಹೋಗಿ ಮೆಲ್ಬರ್ನ್ ಕಪ್ ಓಡಿತು. ಈ ವರ್ಷ ಎರಡನೆಯದಾಗಿ ಬಂದ ಬರ್ಡೆಟ್ ರೋಡ್ ಮಾತ್ರ ಸಪಾಟು ಓಟದ ರಾಯಲ್ ಆಸ್ಕಟ್‌ನಲ್ಲಿ ಗೆದ್ದು ಹರ್ಡಲ್‌ಗೆ ಬಂದದ್ದು, ಅದನ್ನು ಕಂಡು ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು.

ಹಾಗಾದರೆ ಹರ್ಡಲ್‌ಗೆ ಈಗ ಎಂಥ ಕುದುರೆ ಬರುತ್ತದೆ? ಹೆಚ್ಚಿನವು ದೊಡ್ಡ ಬೇಲಿ ಹಾರಲು ಅಂತಲೇ ಬೆಳೆಸಿದ ಕುದುರೆಗಳು. ಅವುಗಳಿಗೆ ಹರ್ಡಲ್ ಒಂದು ವರ್ಷದ ಪಾಠಶಾಲೆ. 2014ರ ಸುಪ್ರೀಂ ನೋವಿಸಸ್ ಗೆದ್ದ ವೊಟೂರ್, 2015ರ ಡೂವಾನ್, 2016ರ ಆಲ್ಟಿಯೊರ್, ಮೂರೂ ಮುಂದಿನ ವರ್ಷವೇ ದೊಡ್ಡ ಬೇಲಿಗೆ ಹೋದವು, ಅಲ್ಲೂ ಗೆದ್ದವು. ಅವು ಚಾಂಪಿಯನ್ ಹರ್ಡಲ್ ಕಡೆ ತಿರುಗಿಯೂ ನೋಡಲಿಲ್ಲ. ಇದನ್ನು ತಡೆಯೋದು ಕಷ್ಟ, ಮಾಲೀಕರಿಗೆ ದೊಡ್ಡ ಬೇಲಿಯ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಆಸೆ ಇದ್ದೇ ಇರುತ್ತದೆ. ಕಾನ್‌ಸ್ಟಿಟ್ಯೂಷನ್ ಹಿಲ್ ಮಾಲೀಕರು ಹರ್ಡಲ್‌ನಲ್ಲೇ ಉಳಿಸಿಕೊಂಡರಲ್ಲ ಅಂತ ನಾನು ಅವರಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ಇನ್ನೊಂದು, ಕುದುರೆಗಳೆಲ್ಲ ಎರಡು ಮೂರು ಲಾಯದಲ್ಲೇ ಸೇರಿರುವುದು. ಇಂಗ್ಲೆಂಡಿನ ನಿಕಿ ಹೆಂಡರ್‌ಸನ್ ಚಾಂಪಿಯನ್ ಹರ್ಡಲ್ ಅನ್ನು ಒಂಬತ್ತು ಸಲ ಗೆದ್ದಿದ್ದಾರೆ. ಐರ್ಲೆಂಡಿನ ವಿಲ್ಲಿ ಮುಲಿನ್ಸ್ 2015ರಲ್ಲಿ ಮೊದಲ ಮೂರು ಸ್ಥಾನವನ್ನೂ ತಗೊಂಡರು. ಸ್ಟೇಟ್ ಮ್ಯಾನ್ ಮತ್ತು ಲಾಸಿಮೌತ್ ಎರಡೂ ಅವರ ಲಾಯದವೇ. ಅವರ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ, ಹರಿಕೇನ್ ಫ್ಲೈ ಅನ್ನು 22 ಗ್ರೇಡ್ 1 ಗೆಲ್ಲುವ ತನಕ ಗಟ್ಟಿಯಾಗಿ ಉಳಿಸಿಕೊಂಡವರು ಅವರು. 2011ರಲ್ಲಿ ಚಾಂಪಿಯನ್ ಆಗಿ, 2012ರಲ್ಲಿ ಸೋತು, 2013ರಲ್ಲಿ ಮತ್ತೆ ಪಟ್ಟ ತಂದ ಕುದುರೆ ಅದು. ಆದರೆ ಒಂದೇ ಲಾಯದಲ್ಲಿ ಎರಡು ದೊಡ್ಡ ಕುದುರೆ ಇದ್ದು, ಎರಡಕ್ಕೂ ಒಂದೊಂದು ಗ್ರೇಡ್ 1 ಸಿಗುತ್ತದೆ ಅಂದರೆ ಯಾವ ಟ್ರೇನರ್ ತಾನೇ ಇಬ್ಬರು ಮಾಲೀಕರನ್ನು ಎದುರುಬದುರು ನಿಲ್ಲಿಸುತ್ತಾರೆ?

ಓಡುವುದೂ ಕಡಿಮೆ ಆಗಿದೆ. 2023ರ ಚಳಿಗಾಲದಿಂದ 2024ರ ಬೇಸಿಗೆಯ ತನಕ ಕಾನ್‌ಸ್ಟಿಟ್ಯೂಷನ್ ಹಿಲ್ ಓಡಿದ್ದು ಒಂದೇ ರೇಸ್, ಕೆಂಪ್ಟನ್‌ನ ಕ್ರಿಸ್‌ಮಸ್ ಹರ್ಡಲ್. ಆಮೇಲೆ ಶ್ವಾಸದ ಸೋಂಕು ತಗುಲಿತು, ಚೆಲ್ಟನ್‌ಹ್ಯಾಮ್‌ಗೆ ಬರಲಾಗಲಿಲ್ಲ. ಸೋಂಕಿಗೆ ಯಾರೂ ಹೊಣೆ ಅಲ್ಲ. ಕುದುರೆಯ ಆರೋಗ್ಯ ಮೊದಲು, ಅದರಲ್ಲಿ ನನ್ನದು ಎರಡು ಮಾತಿಲ್ಲ. ಈಗ ಇಲ್ಲಿ ಹರ್ಡಲ್‌ಗಳ ಕಿತ್ತಳೆ ಬಣ್ಣ ತೆಗೆದು ಬಿಳಿ ಮಾಡಿದ್ದಾರೆ. ಕುದುರೆಯ ಕಣ್ಣಿಗೆ ಕಿತ್ತಳೆ ಬಣ್ಣ ಸರಿಯಾಗಿ ಬೇರೆಯಾಗಿ ಕಾಣುವುದಿಲ್ಲ ಅಂತ ಎಕ್ಸೆಟರ್ ವಿಶ್ವವಿದ್ಯಾಲಯದವರು ಕಂಡುಕೊಂಡ ಮೇಲೆ ಮಾಡಿದ ಬದಲಾವಣೆ ಅದು. ಅಪ್ಪನಿಗೆ ಹೇಳಿದಾಗ "ಕುದುರೆ ಕಣ್ಣಿಂದ ನೋಡೋ ಬುದ್ಧಿ ಈಗಲಾದರೂ ಬಂತಲ್ಲ" ಅಂದರು. ಇಂಥ ವಿಷಯದಲ್ಲಿ ಈಗಿನ ಕಾಲವೇ ಮೇಲು. ಹಳೆಯದೆಲ್ಲ ಚಿನ್ನ ಅಂತಲೂ ಅಲ್ಲ, 1932ರ ಚಾಂಪಿಯನ್ ಹರ್ಡಲ್‌ನಲ್ಲಿ ಓಡಿದ್ದು ಬರೀ ಮೂರು ಕುದುರೆ! 1991ರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಓಡಿದವು, ಹಾಗಂತ ಅದೇ ಎಲ್ಲಕ್ಕಿಂತ ದೊಡ್ಡ ರೇಸ್ ಆಗಲಿಲ್ಲ. ನನಗೆ ಇಪ್ಪತ್ತು ಕುದುರೆ ಬೇಡ. ಆರು ಬರಲಿ, ಆದರೆ ಆ ವರ್ಷದ ಒಳ್ಳೆಯ ಆರು ಬರಲಿ.

ಏನು ಮಾಡಬಹುದು? ಆಡಳಿತದವರು ನನ್ನನ್ನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಮೇರ್ಸ್ ಹರ್ಡಲ್ ಇರಲಿ, ತೆಗೆಯುವುದು ಬೇಡವೇ ಬೇಡ. ಆದರೆ ಗಂಡು ಕುದುರೆಗಳ ಎದುರು ಗ್ರೇಡ್ 1 ಗೆದ್ದ ಹೆಣ್ಣು ಕುದುರೆಗೆ ಅಲ್ಲಿ ಪ್ರವೇಶ ಕೊಡಬೇಡಿ. ಅಂಥ ಕುದುರೆ ಚಾಂಪಿಯನ್ ಹರ್ಡಲ್‌ಗೇ ಬರಬೇಕು, ಹೇಗೂ 7 ಪೌಂಡ್ ರಿಯಾಯಿತಿ ಇದೆಯಲ್ಲ. ಆಗ ಮೇರ್ಸ್ ಹರ್ಡಲ್‌ನಲ್ಲಿ ಸಣ್ಣ ಲಾಯದ ಹೆಣ್ಣು ಕುದುರೆಗಳಿಗೂ ಗೆಲ್ಲುವ ದಾರಿ ಆಗುತ್ತದೆ, ಆ ರೇಸ್ ಶುರು ಮಾಡಿದ್ದೇ ಅವುಗಳಿಗಾಗಿ. ಎರಡನೆಯದು, ಸಪಾಟು ಓಟದಲ್ಲಿ ಒಂದು ಮಟ್ಟಕ್ಕೆ ಗೆದ್ದು ಹರ್ಡಲ್‌ಗೆ ಬರುವ ಕುದುರೆಯ ಮಾಲೀಕರಿಗೆ ಬಹುಮಾನದ ಮೇಲೆ ಇನ್ನಷ್ಟು ಸೇರಿಸಿ ಕೊಡಿ. ಆಸ್ಟ್ರೇಲಿಯಾದ ಹಣಕ್ಕೆ ಸಾಟಿ ಆಗುವುದಿಲ್ಲ, ಗೊತ್ತು. ಆದರೂ ಹತ್ತರಲ್ಲಿ ಒಬ್ಬರಾದರೂ ಉಳಿಯುತ್ತಾರೆ. ಒಂದು ಸೀ ಪಿಜನ್ ಸಾಕು ಸರ್, ಒಂದೇ ಒಂದು.

ಗೋಲ್ಡನ್ ಏಸ್ ಬಗ್ಗೆ ಒಂದು ಮಾತು ಉಳಿಯಿತು. 2024ರಲ್ಲಿ ಹೊಸ ಹೆಣ್ಣು ಕುದುರೆಗಳ ರೇಸಿನಲ್ಲಿ ಅದು ಬ್ರೈಟರ್‌ಡೇಸ್‌ಅಹೆಡ್ ಅನ್ನು ಸೋಲಿಸಿತ್ತು. ಈ ವರ್ಷ ಅದರ ಕಡೆಯವರಿಗೂ ಮೇರ್ಸ್ ಹರ್ಡಲ್ ಬಾಗಿಲು ತೆರೆದೇ ಇತ್ತು. ಎದುರು ಇಬ್ಬರು ಚಾಂಪಿಯನ್‌ಗಳು ಇದ್ದರೂ ಅವರು ಚಾಂಪಿಯನ್ ಹರ್ಡಲ್‌ಗೇ ಬಂದರು. ನಿಮ್ಮ ಬರಹಗಾರರು ಅದನ್ನು ಅದೃಷ್ಟ ಅಂದರು. ಇಬ್ಬರು ಬಿದ್ದದ್ದು ಅದೃಷ್ಟವೇ ಇರಬಹುದು, ಆ ಗೆರೆಯಲ್ಲಿ ಬಂದು ನಿಂತದ್ದು ಅದೃಷ್ಟ ಅಲ್ಲ. ದಯವಿಟ್ಟು ಆ ಕುದುರೆಯ ಹೆಸರನ್ನು ಮಟ್ಟ ಕುಸಿದಿದ್ದಕ್ಕೆ ಉದಾಹರಣೆ ಮಾಡಬೇಡಿ.

ಮುಂದಿನ ವರ್ಷ ಈ ರೇಸ್ ಬಗ್ಗೆ ಮತ್ತೆ ಬರೆಯಿರಿ, ಖಂಡಿತ ಬರೆಯಿರಿ. ಗೆದ್ದವರ ಹೆಸರಿನ ಜೊತೆಗೆ ಆ ದಿನ ಬೇರೆ ರೇಸಿನಲ್ಲಿ ಓಡಿದ ದೊಡ್ಡ ಕುದುರೆಗಳು ಯಾವುವು ಅಂತಲೂ ಒಂದು ಸಾಲು ಹಾಕಿ. ಅಪ್ಪ ನಿಮ್ಮ ಪತ್ರಿಕೆ ತರಿಸುತ್ತಾರೆ, ಮೊದಲು ತೆಗೆಯುವುದೇ ಆ ಪುಟ. ನಾನು ಮಾರ್ಚ್ ರಜೆಗೆ ಈಗಲೇ ಹೆಸರು ಬರೆಸಿದ್ದೇನೆ.

ನಿಮ್ಮ ಓದುಗಳು,
ಗ್ಲಾಸ್ಟರ್, ಇಂಗ್ಲೆಂಡ್